ಓದಿನಲ್ಲಿ ಮುಂದಿರುವ ಎಡಿಎಚ್‌ಡಿ ಮಗನಿಗೆ ಪಿಪ್ ಅರ್ಜಿ ಹಾಕಬೇಕಾ? ಬ್ರಿಟನ್‌ನಲ್ಲಿರುವ ನಮ್ಮವರಿಗೆ ಒಂದು ಮಾರ್ಗದರ್ಶಿ

ನನ್ನ ಮಗನಿಗೆ ಎಡಿಎಚ್‌ಡಿ ಇದೆ, ಅಂದರೆ ಗಮನ ಒಂದು ಕಡೆ ನಿಲ್ಲಿಸೋದು, ಕೆಲಸ ನೆನಪಿಟ್ಟು ಮುಗಿಸೋದು ಅವನಿಗೆ ಕಷ್ಟ. ಜಿಸಿಎಸ್ಇ (ಇಲ್ಲಿನ ಹತ್ತನೇ ಕ್ಲಾಸಿನಂಥ ಪರೀಕ್ಷೆ) ಮ್ಯಾಥ್ಸ್‌ನಲ್ಲಿ ಅವನಿಗೆ ಎಲ್ಲಕ್ಕಿಂತ ಮೇಲಿನ ಗ್ರೇಡ್ 9 ಬಂದ ವಾರವೇ ನಾವು ಅವನ ಪಿಪ್ ಫಾರಂ ಪೋಸ್ಟ್ ಮಾಡಿದ್ದು. ಪಿಪ್ ಅಂದರೆ ಪರ್ಸನಲ್ ಇಂಡಿಪೆಂಡೆನ್ಸ್ ಪೇಮೆಂಟ್, ಇಲ್ಲಿ 16 ತುಂಬಿದವರಿಗೆ ಸಿಗುವ ಅಂಗವೈಕಲ್ಯದ ಭತ್ಯೆ. ಊರಿಂದ ಅತ್ತೆ ಫೋನಲ್ಲಿ, "ಅಷ್ಟು ಚುರುಕಿರೋ ಹುಡುಗನ್ನ ಅಂಗವಿಕಲ ಅಂತ ಬರೆಸ್ತೀಯಲ್ಲೇ, ದುಡ್ಡಿಗೇನು ಕಮ್ಮಿ ಆಗಿದೆ ನಿಮಗೆ?" ಅಂದರು. ಅವರ ಮೇಲೆ ಸಿಟ್ಟು ಬರಲಿಲ್ಲ. ನಾನೂ ಎರಡು ವರ್ಷ ಅದನ್ನೇ ಯೋಚಿಸಿಕೊಂಡು ಸುಮ್ನೆ ಕೂತಿದ್ದೆ.

ಊರಲ್ಲಿ ಈ ಮಾತು ಬಂದರೆ ಎಲ್ಲರ ಕಣ್ಣ ಮುಂದೆ ಬರೋದು ಶೇಕಡಾವಾರು ಹಾಕಿದ ಸರ್ಟಿಫಿಕೇಟು. ಭಾರತದ 2016ರ ಕಾಯ್ದೆಯಲ್ಲಿ 21 ಬಗೆಯ ಅಂಗವೈಕಲ್ಯಗಳ ಪಟ್ಟಿ ಇದೆ. ಅದರಲ್ಲಿ ಎಡಿಎಚ್‌ಡಿ ಹೆಸರಿಲ್ಲ, ಮೀಸಲಾತಿಯಂಥ ಮುಖ್ಯ ಸೌಲಭ್ಯಗಳಿಗೆ 40 ಪರ್ಸೆಂಟ್ ಇರಬೇಕು. ಬ್ರಿಟನ್ನಿನ ಲೆಕ್ಕವೇ ಬೇರೆ. ಇಲ್ಲಿ ಪರ್ಸೆಂಟೂ ಇಲ್ಲ, ಸರ್ಟಿಫಿಕೇಟೂ ಇಲ್ಲ, ಕಾಯಿಲೆಯ ಹೆಸರಿಗೆ ದುಡ್ಡು ಕೊಡೋದೂ ಇಲ್ಲ. ಅವರು ಕೇಳೋದು ಇಷ್ಟೇ: ದಿನಾ ಮಾಡಲೇಬೇಕಾದ ಕೆಲಸಗಳನ್ನು ಈ ಹುಡುಗ ಬೇರೆಯವರ ನೆರವಿಲ್ಲದೆ ಮಾಡ್ತಾನಾ? ಮಾರ್ಕ್ಸ್ ಕಾರ್ಡಿಗೆ ಅಲ್ಲಿ ಜಾಗವೇ ಇಲ್ಲ.

ಹಾಗಾಗಿ "ಇವನು ಬುದ್ಧಿವಂತ ಅಲ್ವಾ, ಇವನಿಗೆ ಯಾಕೆ" ಅನ್ನೋ ಪ್ರಶ್ನೆಯನ್ನು ಮೊದಲು ಪಕ್ಕಕ್ಕಿಡಿ. ನೀವು ಅವನಿಗಾಗಿ ದಿನಾ ಏನೇನು ಮಾಡ್ತಿದ್ದೀರಿ ಅಂತ ಎಣಿಸಿ ನೋಡಿ. ಹಾಕಬೇಕಾ ಬೇಡವಾ ಅನ್ನೋದು ಆ ಎಣಿಕೆಯಲ್ಲೇ ಗೊತ್ತಾಗುತ್ತೆ.

ಹೆಜ್ಜೆ 1: ವೀಸಾ ನೋಡಿ, ಆಮೇಲೆ ಮಿಕ್ಕಿದ್ದು

ನಮ್ಮವರಲ್ಲಿ ಬಹಳ ಜನ ಎಡವೋದು ಇಲ್ಲೇ. ಸ್ಕಿಲ್ಡ್ ವರ್ಕರ್ ವೀಸಾ, ಡಿಪೆಂಡೆಂಟ್ ವೀಸಾ, ಸ್ಟೂಡೆಂಟ್ ವೀಸಾದಲ್ಲಿ ಇರುವವರಿಗೆ ಸಾಮಾನ್ಯವಾಗಿ "ನೋ ರಿಕೋರ್ಸ್ ಟು ಪಬ್ಲಿಕ್ ಫಂಡ್ಸ್" ಅನ್ನೋ ಷರತ್ತು ಇರುತ್ತೆ. ಸರ್ಕಾರದ ಭತ್ಯೆ ಮುಟ್ಟುವ ಹಾಗಿಲ್ಲ ಅಂತ ಅರ್ಥ. ಪಿಪ್ ಆ ಪಟ್ಟಿಯಲ್ಲಿದೆ, 16ರೊಳಗಿನ ಮಕ್ಕಳ ಡಿಎಲ್‌ಎ (ಡಿಸೆಬಿಲಿಟಿ ಲಿವಿಂಗ್ ಅಲವೆನ್ಸ್) ಕೂಡ ಇದೆ. ಷರತ್ತು ಇದ್ದೂ ತೆಗೆದುಕೊಂಡರೆ ಮುಂದೆ ವೀಸಾ ನವೀಕರಣಕ್ಕೆ, ಐಎಲ್ಆರ್‌ಗೆ (ಇಲ್ಲಿ ಕಾಯಂ ಇರುವ ಅನುಮತಿಗೆ) ತೊಂದರೆ ಆಗಬಹುದು. ನಿಮ್ಮ ಇ-ವೀಸಾ ತೆರೆದು ಮಗನ ಹೆಸರಿನ ಕೆಳಗೆ ಏನು ಬರೆದಿದೆ ಓದಿ. ಮಗ ಬ್ರಿಟಿಷ್ ಪ್ರಜೆಯಾಗಿದ್ದು ಅಪ್ಪ ಅಮ್ಮ ವೀಸಾದಲ್ಲಿದ್ದರೆ, ವಾಟ್ಸಾಪ್ ಗ್ರೂಪಲ್ಲಿ ಕೇಳಬೇಡಿ, ನೋಂದಾಯಿತ ಇಮಿಗ್ರೇಷನ್ ಸಲಹೆಗಾರರ ಹತ್ತಿರ ಒಂದು ಸಲ ಮಾತಾಡಿ. ಐಎಲ್ಆರ್ ಅಥವಾ ಪೌರತ್ವ ಇದ್ದರೆ ಈ ಚಿಂತೆ ಇಲ್ಲ. ಆದರೆ ಕಳೆದ 3 ವರ್ಷದಲ್ಲಿ ಸಾಮಾನ್ಯವಾಗಿ 2 ವರ್ಷವಾದರೂ ಇಲ್ಲೇ ವಾಸ ಇದ್ದಿರಬೇಕು.

ಷರತ್ತು ಇರುವವರೂ ಕೈಚೆಲ್ಲಿ ಕೂರಬೇಕಿಲ್ಲ. ಸರ್ಕಾರಿ ಶಾಲೆಯ ಓದು, ಎನ್ಎಚ್ಎಸ್ ಚಿಕಿತ್ಸೆ ಈ "ಪಬ್ಲಿಕ್ ಫಂಡ್ಸ್" ಲೆಕ್ಕಕ್ಕೆ ಬರೋದಿಲ್ಲ. ಶಾಲೆಯ ಸೆಂಕೋ, ಅಂದರೆ ವಿಶೇಷ ಅಗತ್ಯದ ಮಕ್ಕಳನ್ನು ನೋಡಿಕೊಳ್ಳುವ ಟೀಚರ್, ಅವರ ಸಹಾಯ ಕೇಳಬಹುದು. ಪರೀಕ್ಷೆಯಲ್ಲಿ ಹೆಚ್ಚು ಸಮಯ ಕೇಳಬಹುದು. ಅದಕ್ಕೆ ಪಿಪ್ ಬೇಕಿಲ್ಲ. ಎಷ್ಟೋ ಜನ ಪಿಪ್ ಇದ್ದರೆ ಮಾತ್ರ 25 ಪರ್ಸೆಂಟ್ ಎಕ್ಸ್‌ಟ್ರಾ ಟೈಮ್ ಸಿಗುತ್ತೆ ಅಂದುಕೊಂಡಿದ್ದಾರೆ. ಎರಡಕ್ಕೂ ಸಂಬಂಧವೇ ಇಲ್ಲ.

ಹೆಜ್ಜೆ 2: ಯಾವ ಭತ್ಯೆ, ಎಷ್ಟು

16 ಆಗುವ ತನಕ ಇಂಗ್ಲೆಂಡ್, ವೇಲ್ಸ್‌ನಲ್ಲಿ ಮಕ್ಕಳಿಗೆ ಡಿಎಲ್‌ಎ. ಅದೇ ವಯಸ್ಸಿನ ಬೇರೆ ಮಕ್ಕಳಿಗಿಂತ ಇವನಿಗೆ ಎಷ್ಟು ಜಾಸ್ತಿ ನೋಡಿಕೊಳ್ಳಬೇಕು ಅನ್ನೋದು ಅದರ ಅಳತೆ. 16 ಆದ ಮೇಲೆ ಪಿಪ್. ಅಲ್ಲಿ ಬೇರೆ ಮಕ್ಕಳ ಜೊತೆ ಹೋಲಿಕೆ ಇಲ್ಲ, ಅಂಕಗಳ ಲೆಕ್ಕ. ಸ್ಕಾಟ್ಲೆಂಡಿನಲ್ಲಿ ಇರುವವರಿಗೆ ಈ ಎರಡರ ಬದಲು ಚೈಲ್ಡ್ ಡಿಸೆಬಿಲಿಟಿ ಪೇಮೆಂಟ್, ಅಡಲ್ಟ್ ಡಿಸೆಬಿಲಿಟಿ ಪೇಮೆಂಟ್ ಇವೆ. ಮೊದಲು ಸಿಗುತ್ತಿದ್ದವರಿಗೆ ಮಕ್ಕಳದ್ದೇ 18ರ ತನಕ ಮುಂದುವರಿಯಬಹುದು.

ಪಿಪ್‌ನಲ್ಲಿ ಎರಡು ಭಾಗ. ಒಂದು ದಿನನಿತ್ಯದ ಬದುಕಿನದು, ಇನ್ನೊಂದು ಓಡಾಟದ್ದು. ಒಂದೊಂದರಲ್ಲೂ 8 ಅಂಕ ಬಂದರೆ ಸ್ಟಾಂಡರ್ಡ್ ದರ, 12 ಬಂದರೆ ಅದಕ್ಕಿಂತ ಹೆಚ್ಚಿನ ಎನ್‌ಹಾನ್ಸ್‌ಡ್ ದರ. 2025-26ರ ದರದಲ್ಲಿ ದಿನನಿತ್ಯದ ಭಾಗಕ್ಕೆ ವಾರಕ್ಕೆ 73.90 ಅಥವಾ 110.40 ಪೌಂಡ್, ಓಡಾಟಕ್ಕೆ 29.20 ಅಥವಾ 77.05 ಪೌಂಡ್ ಇತ್ತು. ನಾಲ್ಕು ವಾರಕ್ಕೊಮ್ಮೆ ಬರುತ್ತೆ. ದರ ಪ್ರತಿ ಏಪ್ರಿಲ್‌ನಲ್ಲಿ ಬದಲಾಗುತ್ತೆ, ನೋಡಿಕೊಳ್ಳಿ. ಟ್ಯಾಕ್ಸ್ ಇಲ್ಲ. ಅಪ್ಪ ಅಮ್ಮನ ಸಂಬಳ ಎಷ್ಟು, ಬ್ಯಾಂಕಲ್ಲಿ ಎಷ್ಟಿದೆ ಅಂತ ಕೇಳೋದೂ ಇಲ್ಲ. "ನಾವಿಬ್ರೂ ಐಟಿಯಲ್ಲಿದ್ದೀವಿ, ನಮಗೆ ಕೊಡ್ತಾರಾ" ಅನ್ನೋರಿಗೆ ಇದೇ ಉತ್ತರ.

ಹೆಜ್ಜೆ 3: ಎರಡು ವಾರ ಡೈರಿ ಬರೆಯಿರಿ

ಫಾರಂ ಮುಟ್ಟುವ ಮೊದಲೇ ಇದನ್ನು ಮಾಡಿ. ಒಂದು ಹಳೇ ನೋಟ್‌ಬುಕ್ ಅಡುಗೆಮನೆಯಲ್ಲಿಡಿ. ನೀವು ಏನು ನೆನಪಿಸಿದಿರಿ, ಎಷ್ಟು ಸಲ ಕೂಗಿದಿರಿ, ಯಾವುದನ್ನು ನೀವೇ ಮಾಡಿ ಮುಗಿಸಿದಿರಿ, ಅಷ್ಟು ಬರೆದರೆ ಸಾಕು.

ನನ್ನ ನೋಟ್‌ಬುಕ್ಕಿನ ಒಂದು ಮಂಗಳವಾರ ಹೀಗಿದೆ. 6:50ಕ್ಕೆ ಮೊದಲ ಸಲ ಎಬ್ಬಿಸಿದೆ. 7:00ಕ್ಕೆ ಮತ್ತೆ. 7:10ಕ್ಕೆ ಬಾತ್‌ರೂಮಿಗೆ ಹೋದ. 7:30, ಶವರ್ ಸದ್ದು ಬರ್ತಾನೇ ಇದೆ. ಬಾಗಿಲು ಬಡಿದರೆ ಇವನು ಟವೆಲ್ ಸುತ್ತಿಕೊಂಡು ಟಬ್ಬಿನ ಅಂಚಲ್ಲಿ ಕೂತು ಮೊಬೈಲಲ್ಲಿ ಚೆಸ್ ವಿಡಿಯೋ ನೋಡ್ತಿದ್ದಾನೆ, ತಲೆಗೆ ಒಂದು ಹನಿ ನೀರು ಬಿದ್ದಿಲ್ಲ. 7:45ಕ್ಕೆ ಮಾತ್ರೆ, ಕೈಗೆ ಕೊಟ್ಟು ನುಂಗೋ ತನಕ ನಿಂತಿದ್ದೆ. ಸಂಜೆ ಬ್ಯಾಗಿಂದ ಡಬ್ಬಿ ತೆಗೆದರೆ ಬೆಳಗ್ಗೆ ಹಾಕಿದ ಚಿತ್ರಾನ್ನ ಹಾಗೇ ವಾಪಸ್ಸು. "ತಿನ್ನಬೇಕು ಅಂತ ಅನ್ನಿಸ್ಲೇ ಇಲ್ಲಮ್ಮ." ಮೀಥೈಲ್‌ಫೆನಿಡೇಟ್ ಅನ್ನೋ ಈ ಎಡಿಎಚ್‌ಡಿ ಮಾತ್ರೆ ತಗೊಳ್ಳುವ ಮಕ್ಕಳಲ್ಲಿ ಹಸಿವು ಕಮ್ಮಿಯಾಗೋದು ತೀರಾ ಮಾಮೂಲಿ. ರಾತ್ರಿ 9ಕ್ಕೆ ಮ್ಯಾಗಿಗೆ ನೀರಿಟ್ಟು ಮೇಲೆ ಹೋದವನು ಕೆಳಗೆ ಬರಲಿಲ್ಲ. ಪಾತ್ರೆ ತಳ ಕಪ್ಪಾದ ವಾಸನೆಗೆ ನಾನು ಎದ್ದು ಬಂದೆ.

ಇದರಲ್ಲಿ ಯಾವುದೂ ನನಗೆ "ನೆರವು" ಅಂತ ಅನ್ನಿಸಿರಲೇ ಇಲ್ಲ. ಅಮ್ಮಂದಿರು ಇರೋದೇ ಇದಕ್ಕೆ ಅಂದುಕೊಂಡಿದ್ದೆ. ಅವನಿಗಿಂತ ನಾಲ್ಕು ವರ್ಷ ಚಿಕ್ಕವಳು ಮಗಳು. ಒಂದು ದಿನ ಅವಳ ಬೆಳಗನ್ನೂ ಬರೆಯೋಣ ಅಂತ ಕೂತೆ. ಎರಡು ಸಾಲಿಗೆ ಮುಗಿಯಿತು.

ಎರಡು ವಾರ ಆದ ಮೇಲೆ ಎಣಿಸಿ. ಒಂದು ತೊಂದರೆ ಅರ್ಧಕ್ಕಿಂತ ಜಾಸ್ತಿ ದಿನ ಇದ್ದರೆ ಮಾತ್ರ ಅದಕ್ಕೆ ಅಂಕ. ದಿನದಲ್ಲಿ ಯಾವುದೋ ಒಂದು ಹೊತ್ತಲ್ಲಿ ನಿಜವಾಗಿ ಕಾಡಿದರೂ ಆ ದಿನ ಲೆಕ್ಕಕ್ಕೆ ಬರುತ್ತೆ. ಎಡಿಎಚ್‌ಡಿಗೆ ಇದು ಮುಖ್ಯ, ಯಾಕೆಂದರೆ ಮಾತ್ರೆ ಕೆಲಸ ಮಾಡುವ ಶಾಲೆಯ ಹೊತ್ತಲ್ಲಿ ಹುಡುಗ ಸರಿಯಾಗೇ ಇರ್ತಾನೆ. ಮಾತ್ರೆಗೆ ಮೊದಲಿನ ಬೆಳಗು, ಅದು ಇಳಿದ ಮೇಲಿನ ಸಂಜೆ, ಇವನ್ನು ನೋಡೋದು ಮನೆಯವರು ಮಾತ್ರ. ಜೊತೆಗೆ ತೊಂದರೆ ಶುರುವಾಗಿ 3 ತಿಂಗಳಾಗಿರಬೇಕು, ಇನ್ನೂ 9 ತಿಂಗಳು ಇರುವಂತಿರಬೇಕು. ಎಡಿಎಚ್‌ಡಿಯಲ್ಲಿ ಅದಕ್ಕೇನು ಕೊರತೆ ಇಲ್ಲ.

ಹೆಜ್ಜೆ 4: ಅಂಕ ಹಾಕಿ ನೋಡಿ

ದಿನನಿತ್ಯದ ಭಾಗದಲ್ಲಿ 10 ಕೆಲಸಗಳಿವೆ: ಅಡುಗೆ, ಊಟ, ಔಷಧಿ, ಸ್ನಾನ, ಶೌಚ, ಬಟ್ಟೆ, ಮಾತು, ಓದಿ ಅರ್ಥ ಮಾಡಿಕೊಳ್ಳೋದು, ಜನರ ಜೊತೆ ಬೆರೆಯೋದು, ಹಣದ ತೀರ್ಮಾನ. ಎಡಿಎಚ್‌ಡಿ ಇರುವವರಿಗೆ ಮುಖ್ಯವಾದ ಪದ "ಪ್ರಾಂಪ್ಟಿಂಗ್". ಇನ್ನೊಬ್ಬರು ನೆನಪಿಸೋದು, ಹುರಿದುಂಬಿಸೋದು, ವಿವರಿಸೋದು ಎಲ್ಲ ಅದರಲ್ಲಿ ಬರುತ್ತೆ.

ಸರಳ ಅಡುಗೆಗೆ ನೆನಪಿಸಬೇಕಾದರೆ 2 ಅಂಕ. ಅಪಾಯ ಆಗದಂತೆ ಪಕ್ಕದಲ್ಲೇ ನಿಂತಿರಬೇಕಾದರೆ 4. ಇಲ್ಲಿ ಅಡುಗೆ ಅಂದರೆ ತಾಜಾ ಸಾಮಾನಿಂದ ಒಬ್ಬರಿಗಾಗುವಷ್ಟು ಒಂದು ಬಿಸಿ ಊಟ, ಒಂದು ಉಪ್ಪಿಟ್ಟು ಅಂದುಕೊಳ್ಳಿ, ಹಬ್ಬದ ಅಡುಗೆಯಲ್ಲ. ತಿನ್ನು ಅಂತ ನೆನಪಿಸಬೇಕಾದರೆ 4 ಅಂಕ. ಇದನ್ನು ಬಹಳ ಜನ ಬರೆಯೋದೇ ಇಲ್ಲ, ವಾಪಸ್ ಬಂದ ಡಬ್ಬಿ ಒಂದು ವಿಷಯವಾ ಅಂದುಕೊಳ್ತಾರೆ. ಮಾತ್ರೆ ನೆನಪಿಸೋದಕ್ಕೆ 1. ಸ್ನಾನಕ್ಕೆ ನೆನಪಿಸೋದಕ್ಕೆ 2. ಬಟ್ಟೆಗೆ 2. ಜನರ ಜೊತೆ ಬೆರೆಯಲು ಪಕ್ಕದವರು ಹುರಿದುಂಬಿಸಬೇಕಾದರೆ 2. ಮನೆ ಖರ್ಚು, ಬಿಲ್ಲುಗಳಂಥ ದೊಡ್ಡ ಲೆಕ್ಕಕ್ಕೆ ನೆರವು ಬೇಕಾದರೆ 2, ಅಂಗಡಿಯ ಚಿಲ್ಲರೆ ಲೆಕ್ಕಕ್ಕೂ ಬೇಕಾದರೆ 4. ಒಂದೇ ಕೆಲಸಕ್ಕೆ ಎರಡು ಅಂಕ ಹೊಂದಿದರೆ ದೊಡ್ಡದನ್ನು ಮಾತ್ರ ತಗೊಳ್ಳಿ, ಆಮೇಲೆ ಎಲ್ಲ ಕೆಲಸಗಳದ್ದೂ ಕೂಡಿಸಿ.

ಇದರ ಮೇಲೆ ಇನ್ನೊಂದು ಜರಡಿ ಇದೆ. ಕೆಲಸ ಮಾಡಬಲ್ಲ ಅಂತ ಹೇಳಬೇಕಾದರೆ ಅದನ್ನು ಸುರಕ್ಷಿತವಾಗಿ, ಸರಿಯಾಗಿ, ಬೇಕಾದಷ್ಟು ಸಲ ಮತ್ತು ಹೆಚ್ಚು ಹೊತ್ತು ತಗೊಳ್ಳದೆ ಮಾಡಬಲ್ಲವನಾಗಿರಬೇಕು. ಮಗನಿಗೆ ಸ್ನಾನ ಮಾಡೋಕೆ ಬರುತ್ತೆ. ಒಂದು ಗಂಟೆ ಹಿಡಿಯುತ್ತೆ, ನಾಲ್ಕು ಸಲ ಬಾಗಿಲು ಬಡಿಯಬೇಕು. ಹಾಗಾದರೆ ಬರುತ್ತೆ ಅನ್ನೋದು ಅರ್ಧ ಸತ್ಯ.

ಓಡಾಟದ ಭಾಗದ ಬಗ್ಗೆ ಜಾಸ್ತಿ ಆಸೆ ಬೇಡ. ಬಸ್ ತಪ್ಪಿಸಿಕೊಳ್ಳೋದಕ್ಕೆ ಅಂಕ ಇಲ್ಲ. ಗೊತ್ತಿಲ್ಲದ ದಾರಿಯಲ್ಲಿ ಇನ್ನೊಬ್ಬರಿಲ್ಲದೆ ಹೋಗೋಕೇ ಆಗೋದಿಲ್ಲ ಅಂದರೆ 10 ಅಂಕ. ಅದು ನಿಜವಾಗಿದ್ದರೆ ಬರೆಯಿರಿ.

ಹೆಜ್ಜೆ 5: ಮಗನನ್ನು ಕೇಳಿ

ಇದನ್ನು ಮೊದಲೇ ಹೇಳಬೇಕಿತ್ತೇನೋ. 16 ಆದ ಮೇಲೆ ಅರ್ಜಿ ಅವನದು, ಸಹಿ ಅವನದು, ದುಡ್ಡು ಅವನ ಖಾತೆಗೆ. ತನ್ನ ವ್ಯವಹಾರ ತಾನು ನೋಡಿಕೊಳ್ಳಲಾಗದ ಮಕ್ಕಳಿಗೆ ಅಪ್ಪ ಅಮ್ಮ "ಅಪಾಯಿಂಟೀ" ಆಗಿ ಎಲ್ಲ ಮಾಡಬಹುದು, ಆದರೆ ಎ-ಲೆವೆಲ್ (ನಮ್ಮ ಪಿಯುಸಿಯಂಥದ್ದು) ಫಿಸಿಕ್ಸ್ ಓದುವ ಹುಡುಗನಿಗೆ ಸಾಮಾನ್ಯವಾಗಿ ಅದರ ಅಗತ್ಯ ಬೀಳೋದಿಲ್ಲ. ಫಾರಂ ತುಂಬೋಕೆ, ಫೋನಲ್ಲಿ ಮಾತಾಡುವಾಗ ಪಕ್ಕದಲ್ಲಿ ಕೂರೋಕೆ ನೀವು ಇರಬಹುದು.

ನಮ್ಮ ಮನೆಯಲ್ಲಿ ಮೊದಲ ಸಲ ಕೇಳಿದಾಗ, "ಅಮ್ಮ, ನಾನೇನು ಡಿಸೇಬಲ್ಡಾ?" ಅಂದ. ನನ್ನ ಹತ್ತಿರ ಉತ್ತರ ಇರಲಿಲ್ಲ. ಅವರಪ್ಪ ಲ್ಯಾಪ್‌ಟಾಪಿಂದ ತಲೆ ಎತ್ತದೆ, "ಕನ್ನಡಕ ಹಾಕ್ತೀಯಲ್ಲ, ಕುರುಡನಾ ಅಂತ ಯಾವತ್ತಾದರೂ ಕೇಳಿದೀಯಾ?" ಅಂದರು. ಹೋಲಿಕೆ ಅಷ್ಟೇನೂ ಸರಿಯಿಲ್ಲ, ಕನ್ನಡಕಕ್ಕೆ ಯಾರೂ ಭತ್ಯೆ ಕೊಡೋದಿಲ್ಲ. ಆದರೂ ಅವನು ನಕ್ಕ. ಆಮೇಲೆ ಅವನೇ ಈಕ್ವಾಲಿಟಿ ಆಕ್ಟ್ ಹುಡುಕಿ ಓದಿದ. ಆ 2010ರ ಕಾಯ್ದೆಯ ಪ್ರಕಾರ ದಿನನಿತ್ಯದ ಕೆಲಸಗಳ ಮೇಲೆ ಗಣನೀಯ ಪರಿಣಾಮ ಬೀರುವ, 12 ತಿಂಗಳಾದರೂ ಇರುವ ತೊಂದರೆ ಇದ್ದರೆ ಅದು ಅಂಗವೈಕಲ್ಯ. ಅಂದರೆ ಪಿಪ್ ಹಾಕಿದರೂ ಹಾಕದಿದ್ದರೂ ಆ ಪದ ಅವನಿಗೆ ಅನ್ವಯಿಸಬಹುದು.

"ಮುಂದೆ ಕೆಲಸ ಸಿಗದೆ ಹೋದರೆ?" ಅನ್ನೋ ಭಯ ನಿಮಗಿರುತ್ತೆ. ಪಿಪ್ ಸಿಗ್ತಿದೆ ಅಂತ ಯಾರೂ ಯೂನಿವರ್ಸಿಟಿಗೋ ಕಂಪನಿಗೋ ಕಾಗದ ಬರೆಯೋದಿಲ್ಲ. ಕೆಲಸದ ಆಫರ್ ಕೊಡುವ ಮೊದಲು ಆರೋಗ್ಯದ ಪ್ರಶ್ನೆ ಕೇಳೋದಕ್ಕೂ ಅದೇ ಕಾಯ್ದೆ ಸಾಮಾನ್ಯವಾಗಿ ಬಿಡೋದಿಲ್ಲ. ಡ್ರೈವಿಂಗ್ ಲೈಸೆನ್ಸ್ ಬೇರೆ ವಿಷಯ. ಎಡಿಎಚ್‌ಡಿ ಅಥವಾ ಅದರ ಮಾತ್ರೆಯಿಂದ ಸುರಕ್ಷಿತ ಡ್ರೈವಿಂಗಿಗೆ ತೊಂದರೆ ಇದ್ದರೆ ಲೈಸೆನ್ಸ್ ಕೊಡುವ ಡಿವಿಎಲ್‌ಎಗೆ ಹೇಳಲೇಬೇಕು. ಪಿಪ್ ಇಲ್ಲದಿದ್ದರೂ ಹೇಳಲೇಬೇಕು.

ಅವನು ಬೇಡ ಅಂದರೆ ಬಿಡಿ. ಒಂದು ವರ್ಷ ಬಿಟ್ಟು ಮತ್ತೆ ಕೇಳಿ. ಮುಂದೆ ಯೂನಿವರ್ಸಿಟಿಗೆ ಹೋದಾಗ, ಎಬ್ಬಿಸೋಕೆ ನೀವಿಲ್ಲದಾಗ, ಅವನಿಗೇ ಬೇಕು ಅನ್ನಿಸಬಹುದು. ಆಗಲೂ ಹಾಕಬಹುದು, ಆದರೆ ಹಿಂದಿನ ತಿಂಗಳುಗಳ ದುಡ್ಡು ಸಿಗೋದಿಲ್ಲ. ಯೂನಿವರ್ಸಿಟಿಯ ಡಿಸೇಬಲ್ಡ್ ಸ್ಟೂಡೆಂಟ್ಸ್ ಅಲವೆನ್ಸಿಗೂ ಪಿಪ್ ಬೇಕಿಲ್ಲ, ಎಡಿಎಚ್‌ಡಿ ಇದೆ ಅನ್ನೋದಕ್ಕೆ ವೈದ್ಯರ ದಾಖಲೆ ಸಾಕಾಗುತ್ತೆ.

ಹೆಜ್ಜೆ 6: ಫಾರಂ

ಮೊದಲು ಪಿಪ್‌ನ ಹೊಸ ಅರ್ಜಿಯ ಲೈನಿಗೆ ಫೋನ್ ಮಾಡಬೇಕು. ಹುಡುಗ ಪಕ್ಕದಲ್ಲಿರಲಿ, ಅವನ ಒಪ್ಪಿಗೆ ಕೇಳ್ತಾರೆ. ಆ ಫೋನ್ ಮಾಡಿದ ದಿನವೇ ಸಾಮಾನ್ಯವಾಗಿ ಅರ್ಜಿಯ ದಿನಾಂಕ. ಆಮೇಲೆ ಉದ್ದದ ಫಾರಂ ಬರುತ್ತೆ, ವಾಪಸ್ ಕಳಿಸೋಕೆ ಒಂದು ತಿಂಗಳು. ಸಾಲದಿದ್ದರೆ ಫೋನ್ ಮಾಡಿ ಹೆಚ್ಚು ಸಮಯ ಕೇಳಿ. ಡಿಎಲ್‌ಎ ಇದ್ದವರಿಗೆ 16ರ ಹೊತ್ತಿಗೆ ಅವರೇ ಕಾಗದ ಬರೆದು ಕರೆಯುತ್ತಾರೆ, ಆ ಕಾಗದದಲ್ಲಿನ ಗಡುವು ತಪ್ಪಿಸಿದರೆ ಡಿಎಲ್‌ಎ ನಿಂತುಹೋಗುತ್ತೆ.

ನಾನು ಬರೆದ ಮೊದಲ ಕರಡನ್ನು ಇಲ್ಲಿನ ಸಲಹಾ ಕೇಂದ್ರದ ವಾಲಂಟಿಯರ್ ಒಬ್ಬರಿಗೆ ತೋರಿಸಿದೆ. ರಿಟೈರ್ ಆದ ಹೆಂಗಸು. ಓದಿ ಮುಗಿಸಿ ನಗುತ್ತಾ ಹೇಳಿದರು: ನಿಮ್ಮ ಮಗ ತುಂಬಾ ಒಳ್ಳೆಯವನು ಅಂತ ಗೊತ್ತಾಯಿತು, ಅವನಿಗೆ ತೊಂದರೆ ಏನು ಅಂತ ಗೊತ್ತಾಗಲಿಲ್ಲ. ನಿಜ. "ಸ್ವಲ್ಪ ನೆನಪಿಸಿದರೆ ಎಲ್ಲ ಮಾಡಿಕೊಳ್ಳುತ್ತಾನೆ" ಅಂತ ಬರೆದಿದ್ದೆ, ಹೆಣ್ಣಿನ ಕಡೆಯವರಿಗೆ ಹೇಳುವ ಹಾಗೆ. ಆ "ಸ್ವಲ್ಪ" ಎಷ್ಟು ಅನ್ನೋದನ್ನೇ ಅವರು ಕೇಳ್ತಿರೋದು.

ಹಾಗಾಗಿ ಹೀಗೆ ಬರೆಯಿರಿ: "ವಾರದಲ್ಲಿ 5 ದಿನ ಸ್ನಾನಕ್ಕೆ 3-4 ಸಲ ಹೇಳಬೇಕು. ಹೇಳದಿದ್ದರೆ ಮಾಡೋದಿಲ್ಲ. ಟರ್ಮ್ ನಡುವಿನ ರಜೆಯಲ್ಲಿ ನಾನು ಹೇಳೋದು ಬಿಟ್ಟೆ, 6 ದಿನ ಸ್ನಾನ ಮಾಡಲಿಲ್ಲ." ಏನು ಬೇಕು, ಎಷ್ಟು ಸಲ, ನೆರವಿಲ್ಲದಿದ್ದರೆ ಏನಾಗುತ್ತೆ, ಒಂದು ನಡೆದ ಘಟನೆ. ಇಷ್ಟಿದ್ದರೆ ಆ ಉತ್ತರ ಮುಗಿಯಿತು. ಉತ್ಪ್ರೇಕ್ಷೆ ಮಾತ್ರ ಬೇಡವೇ ಬೇಡ. "ಅಡುಗೆಮನೆಗೆ ಕಾಲಿಡೋಕೇ ಆಗಲ್ಲ" ಅಂತ ಬರೆದು ಅವನು ಶನಿವಾರ ಪಿಜ್ಜಾ ಅಂಗಡಿಯಲ್ಲಿ ಕೆಲಸ ಮಾಡ್ತಿದ್ದರೆ ಆ ಸುಳ್ಳು ನಿಮ್ಮ ಮೇಲೇ ಬರುತ್ತೆ. ಸುಳ್ಳು ಮಾಹಿತಿ ಕೊಡೋದು ಇಲ್ಲಿ ಅಪರಾಧ. ಒಳ್ಳೇ ಮಾರ್ಕ್ಸ್ ಬಂದಿದೆ, ಚೆಸ್ ಆಡ್ತಾನೆ ಅನ್ನೋದನ್ನು ಮುಚ್ಚಿಡಬೇಡಿ. ಇಷ್ಟವಾದದ್ದರಲ್ಲಿ ನಾಲ್ಕು ಗಂಟೆ ಮುಳುಗಿ ಊಟ ಮರೆಯೋದೂ ಎಡಿಎಚ್‌ಡಿಯೇ ಅಲ್ವಾ.

ಜೊತೆಗೆ ಡಯಾಗ್ನೋಸಿಸ್ ಕಾಗದ, ಜಿಪಿ (ಫ್ಯಾಮಿಲಿ ಡಾಕ್ಟರ್) ಕೊಡುವ ಮಾತ್ರೆಗಳ ಪಟ್ಟಿ, ಸೆಂಕೋ ಬರೆದದ್ದು, ಡೈರಿಯ ಒಂದು ವಾರ ಕಳಿಸಿ. ಎಲ್ಲ ಪ್ರತಿಗಳು, ಮೂಲ ಬೇಡ. ಪ್ರತಿ ಹಾಳೆಯಲ್ಲೂ ಹೆಸರು, ನ್ಯಾಷನಲ್ ಇನ್ಶೂರೆನ್ಸ್ ನಂಬರ್ ಇರಲಿ. ತುಂಬಿದ ಫಾರಂನ ಫೋಟೋ ತೆಗೆದಿಟ್ಟುಕೊಳ್ಳಿ.

ಹೆಜ್ಜೆ 7: ಅಸೆಸ್‌ಮೆಂಟ್

ಹೆಚ್ಚಿನವರಿಗೆ ಫೋನಲ್ಲೋ ವಿಡಿಯೋದಲ್ಲೋ ಎದುರಿಗೋ ಒಬ್ಬ ಆರೋಗ್ಯ ಸಿಬ್ಬಂದಿ ಮಾತಾಡ್ತಾರೆ. ಚುರುಕು ಹುಡುಗರು ಸೋಲೋದು ಇಲ್ಲಿ. ಹೊಸಬರ ಮುಂದೆ ಚೆನ್ನಾಗಿ ಮಾತಾಡ್ತಾರೆ, "ಊಟ ಮಾಡ್ತೀಯಾ?" ಅಂದರೆ "ಹೂಂ" ಅಂತಾರೆ. ಸುಳ್ಳಲ್ಲ, ಮಾಡ್ತಾನೆ, ನೀವು ಕರೆದರೆ. ಮೊದಲೇ ಅವನ ಜೊತೆ ಕೂತು ಫಾರಂ ಓದಿ. "ಯಾರೂ ಹೇಳದಿದ್ದರೆ ಏನಾಗುತ್ತೆ ಅಂತಲೂ ಹೇಳು" ಅನ್ನೋದೊಂದೇ ಪಾಠ ಸಾಕು. ಮಾತ್ರೆ ಬಿಡಿಸಿ ಕೂರಿಸಬೇಡಿ, ಎಂದಿನ ಹಾಗೇ ಇರಲಿ. ಮಾತ್ರೆ ಎಷ್ಟು ಹೊತ್ತಿಗೆ ತಗೊಂಡ, ಎಷ್ಟು ಹೊತ್ತಿಗೆ ಇಳಿಯುತ್ತೆ ಅಂತ ಹೇಳಿ.

ಹೆಜ್ಜೆ 8: ತೀರ್ಮಾನದ ಕಾಗದ ಬಂದ ಮೇಲೆ

ನಮ್ಮವನಿಗೆ ಊಟಕ್ಕೆ 4, ಅಡುಗೆಗೆ 2, ಸ್ನಾನಕ್ಕೆ 2, ಔಷಧಿಗೆ 1, ಒಟ್ಟು 9 ಬಂತು. ದಿನನಿತ್ಯದ ಭಾಗ ಸ್ಟಾಂಡರ್ಡ್. ಓಡಾಟಕ್ಕೆ ಸೊನ್ನೆ, ಅದು ಸರಿಯೇ, ಒಬ್ಬನೇ ರೈಲಲ್ಲಿ ಲಂಡನ್ನಿಗೆ ಹೋಗಿಬರುವವನು.

ಸಿಗದಿದ್ದರೆ ಅಲ್ಲಿಗೆ ಬಿಡಬೇಡಿ. ಕಾಗದದ ದಿನಾಂಕದಿಂದ ಒಂದು ತಿಂಗಳೊಳಗೆ "ಮ್ಯಾಂಡೇಟರಿ ರೀಕನ್ಸಿಡರೇಷನ್" ಕೇಳಿ, ಅಂದರೆ ಮತ್ತೊಮ್ಮೆ ನೋಡಿ ಅಂತ. ಯಾವ ಕೆಲಸಕ್ಕೆ ಎಷ್ಟು ಅಂಕ ಬರಬೇಕಿತ್ತು, ಯಾಕೆ ಅಂತ ಅಷ್ಟನ್ನೇ ಬರೆಯಿರಿ, ಸಿಟ್ಟನ್ನಲ್ಲ. ಅಲ್ಲೂ ಆಗದಿದ್ದರೆ ಟ್ರಿಬ್ಯೂನಲ್. ಅದಕ್ಕೆ ಫೀಸಿಲ್ಲ. ಪಿಪ್ ಕೊಡುವ ಇಲಾಖೆಗೆ ಸೇರದ ಜಡ್ಜ್, ಡಾಕ್ಟರ್, ಅಂಗವೈಕಲ್ಯದ ಅನುಭವ ಇರುವ ಸದಸ್ಯರು ಕೇಳ್ತಾರೆ. ಸಿಟಿಜನ್ಸ್ ಅಡ್ವೈಸ್‌ನಲ್ಲೂ, ವಿಶೇಷ ಅಗತ್ಯದ ಮಕ್ಕಳ ಮನೆಯವರಿಗಾಗಿ ಇರುವ ಕಾಂಟ್ಯಾಕ್ಟ್ ಸಂಸ್ಥೆಯಲ್ಲೂ ಉಚಿತ ಸಲಹೆ ಸಿಗುತ್ತೆ.

ಒಂದು ವಿಷಯದ ಮೇಲೆ ಕಣ್ಣಿಡಿ. 2025ರ ಮಾರ್ಚ್‌ನಲ್ಲಿ ಸರ್ಕಾರ ದಿನನಿತ್ಯದ ಭಾಗಕ್ಕೆ ಯಾವುದಾದರೂ ಒಂದು ಕೆಲಸದಲ್ಲಾದರೂ 4 ಅಂಕ ಇರಲೇಬೇಕು ಅನ್ನೋ ನಿಯಮ ತರಲು ಹೊರಟಿತ್ತು. ಜುಲೈನಲ್ಲಿ ಅದನ್ನು ಮಸೂದೆಯಿಂದ ಕೈಬಿಟ್ಟು, ಸಚಿವ ಸ್ಟೀಫನ್ ಟಿಮ್ಸ್ ನೇತೃತ್ವದಲ್ಲಿ ಪಿಪ್‌ನ ಪರಿಶೀಲನೆಗೆ ಬಿಟ್ಟರು. ಎರಡೆರಡು ಅಂಕ ಕೂಡಿ 8 ಆಗುವ ಎಡಿಎಚ್‌ಡಿ ಮಕ್ಕಳಿಗೆ ಇಂಥ ನಿಯಮ ನೇರವಾಗಿ ತಟ್ಟುತ್ತೆ. ಅರ್ಜಿ ಹಾಕುವ ದಿನದ ನಿಯಮ ಸರ್ಕಾರದ ವೆಬ್‌ಸೈಟಲ್ಲೇ ನೋಡಿ.

ಸಿಕ್ಕರೆ ಅದರ ಜೊತೆಗೆ ಬರುವ ಬೇರೆಯವೂ ಇವೆ. ದಿನನಿತ್ಯದ ಭಾಗ ಸಿಕ್ಕವರನ್ನು ವಾರಕ್ಕೆ 35 ಗಂಟೆ ನೋಡಿಕೊಳ್ಳುವವರಿಗೆ ಕೇರರ್ಸ್ ಅಲವೆನ್ಸ್ ಇದೆ, ಆದರೆ ನಿಮ್ಮ ಸಂಪಾದನೆಗೆ ಒಂದು ಮಿತಿ ಇದೆ, 2025-26ರಲ್ಲಿ ಅದು ವಾರಕ್ಕೆ 196 ಪೌಂಡ್ ಇತ್ತು. ಮನೆಗೆ ಯೂನಿವರ್ಸಲ್ ಕ್ರೆಡಿಟ್ (ಕಮ್ಮಿ ಆದಾಯದವರಿಗೆ ಸರ್ಕಾರ ಕೊಡುವ ಹಣ) ಬರ್ತಿದ್ದರೆ ಪಿಪ್ ವಿಷಯ ಅಲ್ಲಿ ತಿಳಿಸಿ, ಮಗುವಿನ ಭಾಗ ಜಾಸ್ತಿಯಾಗುತ್ತೆ. ರೈಲಿಗೆ ಡಿಸೇಬಲ್ಡ್ ಪರ್ಸನ್ಸ್ ರೈಲ್‌ಕಾರ್ಡ್, ಟಿಕೆಟಲ್ಲಿ ಮೂರನೇ ಒಂದು ಭಾಗ ಕಮ್ಮಿ.

ಆ ದುಡ್ಡನ್ನು ಏನು ಮಾಡಬೇಕು ಅಂತ ಯಾರೂ ಲೆಕ್ಕ ಕೇಳೋದಿಲ್ಲ. ನಾಲ್ಕು ವಾರಕ್ಕೆ 295.60 ಪೌಂಡ್ 16ರ ಹುಡುಗನ ಖಾತೆಗೆ ಬಂದು ಬಿದ್ದರೆ ಏನಾಗುತ್ತೆ ಅಂತ ನನಗೆ ನಿದ್ದೆ ಬಂದಿರಲಿಲ್ಲ. ಮೊದಲ ತಿಂಗಳು ಅರ್ಧ ಕೀಬೋರ್ಡಿಗೆ ಹೋಯಿತು, ಮುಚ್ಚಿಡೋದೇನು. ಈಗ ವಾರಕ್ಕೊಮ್ಮೆ ಒಬ್ಬ ಎಡಿಎಚ್‌ಡಿ ಕೋಚ್ ಹತ್ತಿರ ಆನ್‌ಲೈನಲ್ಲಿ ಮಾತಾಡ್ತಾನೆ, ಫೀಸ್ ಅವನೇ ಕಟ್ತಾನೆ. ಇನ್ನೊಂದು, ಒಲೆಗೆ ತಾನೇ ಆರಿಸುವ ಟೈಮರ್ ಹಾಕಿಸಿದೆವು. ಮ್ಯಾಗಿ ಪಾತ್ರೆ ಮಾತ್ರ ಎಷ್ಟು ಉಜ್ಜಿದರೂ ಬಿಳಿಯಾಗಲಿಲ್ಲ.